ಗೇಟಿಲ್ಲದ ಮನೆಯಿಂದ

ಕುದ್ರೋಳಿ, ಮಂಗಳೂರು
10 ಡಿಸೆಂಬರ್ 2025, ಬುಧವಾರ

ಪ್ರೀತಿಯ ಮಗಳು ಪ್ರಾಪ್ತಿಗೆ,

ನಾನು ಇಲ್ಲಿ ಚೆನ್ನಾಗಿದ್ದೇನೆ. ನೀನೂ ಚೆನ್ನಾಗಿರು, ಶನಿವಾರದ ಹೊತ್ತಿಗೆ ಗಂಟಲು ಕೈಕೊಡದಿರಲಿ ಎಂದು ಹಾರೈಸುತ್ತೇನೆ. ಶುಕ್ರವಾರ ಸಂಜೆ ನೀನು ಕಳಿಸಿದ ಮೆಸೇಜಿಗೆ ಇವತ್ತು ಉತ್ತರ ಬರೆಯುತ್ತಿದ್ದೇನೆ, ತಪ್ಪಾಯಿತು. ನೀಲಿ ಗೆರೆ ಬಿದ್ದ ಮೇಲೂ ಅಮ್ಮ ಸುಮ್ಮನಿದ್ದಾಳೆಂದು ಉರಿದುಕೊಂಡಿರುತ್ತೀ. ಸುಮ್ಮನಿರಲಿಲ್ಲ ಮಾರಾಯ್ತಿ. ಅಂದಿನಿಂದ ತಲೆಯೊಳಗೆ ನಿನ್ನ ಹತ್ತಿರ ಜಗಳ ಮಾಡುತ್ತಲೇ ಇದ್ದೇನೆ. ಬಸ್ಸಿನಲ್ಲಿ ನಾನು ಒಬ್ಬಳೇ ಗೊಣಗುವುದನ್ನು ಕೇಳಿ ಪಕ್ಕದ ಸೀಟಿನ ಹೆಂಗಸು ಎದ್ದು ಹಿಂದೆ ಹೋಗಿ ಕೂತಳು.

ವಾಟ್ಸಾಪಿನಲ್ಲಿ ಬರೆದರೆ ಅದು ಮೊದಲು ನಿನ್ನ ಅಪ್ಪನ ಮ್ಯಾನೇಜರಿಗೆ, ಅಲ್ಲಿಂದ ಯಾವುದಾದರೊಂದು ಚಾನೆಲ್ಲಿಗೆ ಸ್ಕ್ರೀನ್‌ಶಾಟ್ ಆಗಿ ಹೋಗುತ್ತದೆ. ಫೋನು ಮಾಡಿದರೆ ಮೂರನೇ ಮಾತಿಗೆ ಇಬ್ಬರೂ ಕಿರುಚಲು ಶುರುಮಾಡುತ್ತೇವೆ. ಅದಕ್ಕೇ ಕಾಗದ. ಆಫೀಸಿನ ನ್ಯೂಸ್‌ಪ್ರಿಂಟ್ ಹಾಳೆ ಇದು, ನಗಬೇಡ. ಒಳ್ಳೆಯ ಕಾಗದದ ಮೇಲೆ ನನಗೆ ನಿಜ ಬರೆಯಲು ಬರುವುದಿಲ್ಲ. ಹೋಗುವ ದಾರಿಯಲ್ಲಿ ನಿನ್ನ ಹೋಟೆಲ್ಲಿನ ರಿಸೆಪ್ಷನ್ನಿನಲ್ಲಿ ಕೊಟ್ಟು ಹೋಗುತ್ತೇನೆ.

ಹೋಟೆಲ್ ಎನ್ನುವಾಗ ನೆನಪಾಯಿತು. ಪಕ್ಕದ ಮನೆಯ ಖತೀಜಮ್ಮನಿಗೆ ನೀನು ಊರಿಗೆ ಬಂದು ಹೋಟೆಲ್ಲಿನಲ್ಲಿ ಉಳಿದದ್ದು ಇನ್ನೂ ಜೀರ್ಣವಾಗಿಲ್ಲ. “ಮನೆಯಲ್ಲಿ ನೀರಿಲ್ಲ ಅಂತ ಹೇಳಿದ್ಯಾ ಎಂತ ಅವಳಿಗೆ?” ಎಂದು ನನ್ನನ್ನೇ ಗದರಿದರು. ಮೊಣಕಾಲು ನೋವೆಂದು ಹಾಸಿಗೆಯಿಂದ ಏಳದ ಮುದುಕಿ, ನೀನು ಬರುತ್ತೀ ಎಂದು ಭಾನುವಾರ ಅಕ್ಕಿಹಿಟ್ಟಿನ ಪತ್ತಿರಿ ಮಾಡಿಟ್ಟು ಕಾದರು. ಸಂಜೆ ಅದನ್ನು ನಾನೇ ತಿಂದೆ. ತಿನ್ನುವಾಗ ನಿನ್ನ ಮೇಲೆ ಬಹಳ ಸಿಟ್ಟು ಬಂತು.

ನಿನ್ನ ಮೆಸೇಜನ್ನು ಇಲ್ಲಿ ಮತ್ತೆ ಬರೆದುಕೊಳ್ಳುತ್ತೇನೆ. ಯಾವುದಕ್ಕೆ ಉತ್ತರ ಕೊಡುತ್ತಿದ್ದೇನೆಂದು ನಮ್ಮಿಬ್ಬರಿಗೂ ಸ್ಪಷ್ಟವಿರಲಿ. “ಅಮ್ಮ, ನೀನು ಎಲ್ಲರ ಎದುರು ಅಪ್ಪನ ಮರ್ಯಾದೆ ತೆಗ್ದಿ. ಅಪ್ಪ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡ್ರು. ಮುಂದಿನ ಶನಿವಾರ ‘ಗೇಟಿನಾಚೆ’ಯ ಕೊನೆ ಸಾಲು ಅಪ್ಪನ ಜೊತೆ ನಾನು ಹಾಡ್ತೇನೆ, ಮೊದಲ ಸಲ. ಆಮೇಲೆ ಅಪ್ಪ ನಿನ್ನನ್ನು ಕ್ಷಮಿಸಿದ್ದೇನೆ ಅಂತ ಸ್ಟೇಜಿನಲ್ಲಿ ಹೇಳ್ತಾರೆ. ನೀನು ಮುಂದಿನ ಸಾಲಿನಲ್ಲಿ ಕೂತ್ರೆ ಸಾಕು, ಎಂತ ಮಾತಾಡುದೂ ಬೇಡ. ಇಷ್ಟು ಮಾಡ್ಲಿಕ್ಕೆ ಆಗದಿದ್ರೆ ನಾನು ಇನ್ನು ಕುದ್ರೋಳಿಗೆ ಬರುದಿಲ್ಲ. ಇದು ಸಿಟ್ಟಿನಲ್ಲಿ ಹೇಳುದಲ್ಲ.”

ಕೊನೆಯ ವಾಕ್ಯ ಓದಿ ನನಗೆ ಹೆದರಿಕೆಯಾಯಿತು. ನಿನ್ನ ಸಿಟ್ಟು ನನಗೆ ಗೊತ್ತು, ಒಂದು ಚಾ ಕುಡಿಯುವಷ್ಟರಲ್ಲಿ ಇಳಿಯುತ್ತದೆ. ಸಿಟ್ಟಿಲ್ಲದೆ ಹೇಳಿದ್ದನ್ನು ಮಾತ್ರ ನೀನು ಮಾಡಿಯೇ ತೀರುತ್ತೀ. ಆ ಗುಣ ನಿನಗೆ ನನ್ನಿಂದ ಬಂದದ್ದು.

ಮೊದಲು ನಿನ್ನ ಅಪ್ಪ ಕರೆದ ಪ್ರೆಸ್‌ಮೀಟಿನ ವಿಷಯ. ನಾನು ಬೇಕೆಂದೇ ಬಂದು ಗಲಾಟೆ ಎಬ್ಬಿಸಿದೆ ಎಂದು ನೀನು ತಿಳಿದುಕೊಂಡಿದ್ದೀ. ಶುಕ್ರವಾರದ ಪ್ರೆಸ್‌ಮೀಟುಗಳೆಲ್ಲ ನನ್ನ ಪಾಲಿನವು, ವರ್ಷಗಳಿಂದಲೂ. ನಮ್ಮ ಬ್ಯೂರೋ ಮುಖ್ಯಸ್ಥ ನಿಝಾರ್ ಬೆಳಿಗ್ಗೆ ಪಟ್ಟಿ ನೋಡಿದವರೇ ತಲೆ ಕೆರೆದುಕೊಂಡರು. “ನೀವು ಹೋಗುದು ಬೇಡ ದೇಯಿ, ನಾನು ಶ್ರವಣ್‌ನನ್ನು ಕಳಿಸ್ತೇನೆ. ನಿಮ್ಗೆ ಎಂತಕ್ಕೆ ಆ ತಲೆಬಿಸಿ?” ಎಂದರು. ಶ್ರವಣ್ ನಮ್ಮಲ್ಲಿ ಸಿನಿಮಾ ಪುಟ ನೋಡುವವನು. ಒಳ್ಳೆಯವನೇ, ಆದರೆ ‘ಗೇಟಿನಾಚೆ’ ಅವನ ಫೋನಿನ ರಿಂಗ್‌ಟೋನ್. “ನನ್ನ ಶುಕ್ರವಾರ ನಾನು ಯಾರಿಗೂ ಬಿಟ್ಟುಕೊಡುದಿಲ್ಲ” ಎಂದೆ. ನಿಝಾರ್ ನಕ್ಕು ಪಟ್ಟಿಯಲ್ಲಿ ನನ್ನ ಹೆಸರನ್ನೇ ಉಳಿಸಿದರು. ಹಂಪನಕಟ್ಟೆಯಲ್ಲಿ ನಮ್ಮ ಆಫೀಸಿನಿಂದ ಪ್ರೆಸ್‌ಮೀಟ್ ಇದ್ದ ನಿಮ್ಮ ಹೋಟೆಲ್ಲಿಗೆ ರಸ್ತೆ ದಾಟಿದರೆ ಆಯಿತು. ಅಷ್ಟು ದೂರಕ್ಕೆ ನಾನು ಎರಡು ಸಲ ಸೀರೆಯ ಸೆರಗು ಸರಿಮಾಡಿಕೊಂಡೆ, ಅದನ್ನೂ ಬರೆದುಬಿಡುತ್ತೇನೆ.

ನಿನ್ನ ಅಪ್ಪನನ್ನು ‘ಅವರು’ ಎಂದು ಬರೆಯುವುದಿಲ್ಲ, ಬೇಜಾರು ಮಾಡಬೇಡ. ಕಾಲೇಜಿನಲ್ಲಿ ಹಿಂದೆ ಮುಂದಿನ ಬೆಂಚುಗಳಲ್ಲಿ ಕೂತವರು ನಾವು. ಕೌಶಲ್ ಎಂದರೆ ಈಗ ರಾಜ್ಯಕ್ಕೆಲ್ಲ ಗೊತ್ತು. ಪಡೀಲಿನ ಮನೆಯಲ್ಲಿ ಅವನ ಅಪ್ಪ ಅಜ್ಜನ ನೆನಪಿಗೆ ಇಟ್ಟ ಹೆಸರು ನೋಣಯ್ಯ. ಅಷ್ಟು ಗಟ್ಟಿ ಹೆಸರನ್ನು ಬಿಟ್ಟು ಕೌಶಲ್ ಎಂದು ಇಟ್ಟುಕೊಂಡಾಗಲೇ ನನಗೆ ಸ್ವಲ್ಪ ಸಂಶಯ ಬರಬೇಕಿತ್ತು.

ಅವನು ಬಂದ, ಕೂತ. ಕಪ್ಪು ಅಂಗಿ, ಕೈತುಂಬ ಉಂಗುರ. ಪಕ್ಕದಲ್ಲಿ ನೀನು. ನಮ್ಮ ಹುಡುಗರೆಲ್ಲ ಫೋಟೊ ತೆಗೆದುಕೊಂಡರು. ಆಮೇಲೆ ಅವನು ಬೆಂಗಳೂರಿನ ಕನ್ನಡದಲ್ಲಿ ಹೇಳಿದ: “ಈ ಊರು ನನ್ನನ್ನ ಬೆಳೆಸ್ತು, ಈ ಊರೇ ನನಗೆ ನೋವೂ ಕೊಡ್ತು. ಹಾಡಿಗೆ ಇಪ್ಪತ್ತು ವರ್ಷ ಆಯ್ತು. ಇನ್ನು ಆ ಸಿಟ್ಟು ಸಾಕು. ಮುಂದಿನ ಶನಿವಾರ ಇಲ್ಲೇ, ನಮ್ಮ ಜನರ ಮುಂದೆ, ನಾನು ಅವಳನ್ನ ಕ್ಷಮಿಸ್ತೀನಿ.” ಹೇಳಿ ಕಣ್ಣು ಕೆಳಗೆ ಮಾಡಿದ. ಅಷ್ಟರಲ್ಲಿ ಹಾಲಿನಲ್ಲಿದ್ದವರೆಲ್ಲ ಕತ್ತು ತಿರುಗಿಸಿ ನನ್ನನ್ನು ನೋಡಿದರು. ನೀನೂ ನೋಡಿದಿ.

ಅಷ್ಟು ಜನ ನೋಡುವಾಗ ನಾನೇನು ಮಾಡಬೇಕಿತ್ತು ಹೇಳು. ತಲೆ ತಗ್ಗಿಸಬೇಕಿತ್ತಾ? ಕಣ್ಣೊರೆಸಿಕೊಳ್ಳಬೇಕಿತ್ತಾ? ನಾನು ಕೈ ಎತ್ತಿದೆ. ಎದ್ದು ನಿಂತು, ಎಲ್ಲರೂ ಹೇಳುವ ಹಾಗೆ ಹೆಸರೂ ಪತ್ರಿಕೆಯ ಹೆಸರೂ ಹೇಳಿ, “ಹಾಡಿನಲ್ಲಿ ಒಂದು ಗೇಟು ಉಂಟಲ್ಲ, ಅದು ಯಾವ ಮನೆಯದ್ದು?” ಎಂದು ಕೇಳಿದೆ.

“ಅದು ಕವಿತೆ ಮೇಡಂ. ಗೇಟು ಅಂದ್ರೆ ಮನಸ್ಸಿನ ಗೇಟು.”

“ಮನಸ್ಸಿನ ಗೇಟಿಗೆ ಕ್ಷಮೆ ಕೊಡ್ಲಿಕ್ಕೆ ಆಗುದಿಲ್ಲ. ಕ್ಷಮೆ ಕೊಡುದು ಮನುಷ್ಯರಿಗೆ. ಅವಳು ಮಾಡಿದ ತಪ್ಪು ಎಂತದ್ದು ಅಂತ ಒಂದು ವಾಕ್ಯದಲ್ಲಿ ಹೇಳಿದ್ರೆ ನಮ್ಗೆ ಬರೀಲಿಕ್ಕೆ ಸುಲಭ.”

ಯಾರೋ ಹಿಂದಿನಿಂದ ಕಿಸಕ್ಕೆಂದರು. ಅವನು ನಿನ್ನ ಕಡೆ ನೋಡಿದ. ನೀನು ಮೈಕ್ ಎಳೆದುಕೊಂಡು, “ಪರ್ಸನಲ್ ಪ್ರಶ್ನೆ ಬೇಡ. ನೆಕ್ಸ್ಟ್” ಎಂದಿ.

ನಾನು ಕೂತೆ. ಕಂಟ್ರಾಕ್ಟರುಗಳು, ಮಂತ್ರಿಗಳು, ಪೊಲೀಸರು ಎಲ್ಲರೂ ನನಗೆ ನೆಕ್ಸ್ಟ್ ಎಂದಿದ್ದಾರೆ, ಒಂದು ದಿನವೂ ಮನಸ್ಸಿಗೆ ಹಚ್ಚಿಕೊಂಡವಳಲ್ಲ. ನಿನ್ನ ಬಾಯಿಂದ ಕೇಳಿದ್ದನ್ನು ಮಾತ್ರ ಮನೆಯವರೆಗೂ ಹೊತ್ತುಕೊಂಡು ಬಂದೆ. ಆದರೂ ನಿಜ ಹೇಳುತ್ತೇನೆ, ನೀನು ಮೈಕ್ ಎಳೆದುಕೊಂಡ ರೀತಿ ಚೆನ್ನಾಗಿತ್ತು. ಕೆಲಸ ಗೊತ್ತಿರುವ ಹುಡುಗಿ ಎಂದು ಅಷ್ಟರ ನಡುವೆಯೂ ಹೆಮ್ಮೆಪಟ್ಟೆ, ಎಂಥ ತಾಯಿ ನೋಡು ನಾನು. ಆಮೇಲೆ ಎಲ್ಲರಿಗೂ ಗೋಳಿಬಜೆ ಬಂತು. ಇಡೀ ಕಾರ್ಯಕ್ರಮದಲ್ಲಿ ಅದೊಂದೇ ಬಿಸಿಬಿಸಿಯಾಗಿ ನಿಜವಿದ್ದದ್ದು.

ವರದಿಯನ್ನು ನಾನೇ ಬರೆದೆ. ಓದಿರುತ್ತೀ. ಒಂದೇ ಕಾಲಂ, ಅರ್ಧ ಗೇಣು. ಸಮಯ, ಸ್ಥಳ, ಅವನು ಹೇಳಿದ್ದು ಹೇಳಿದ ಹಾಗೆ. ಕೊನೆಗೆ, ‘ಹಾಡಿನ ಹಿನ್ನೆಲೆಯ ಕುರಿತ ಪ್ರಶ್ನೆಗೆ ಅವರು ಉತ್ತರಿಸಲಿಲ್ಲ’. ಅದರಲ್ಲಿ ಒಂದು ಅಕ್ಷರ ಸುಳ್ಳಿದ್ದರೆ ತೋರಿಸು. ಬೇರೆ ಪತ್ರಿಕೆಗಳಲ್ಲಿ ಬಂದದ್ದನ್ನೂ ನೋಡಿರುತ್ತೀ: ‘ಮಾಜಿ ಪತ್ನಿಯಿಂದ ಕೌಶಲ್‌ಗೆ ಮುಜುಗರ’. ನಾನು ಅಲ್ಲಿ ಯಾರ ಪತ್ನಿಯೂ ಆಗಿರಲಿಲ್ಲ, ಮಾಜಿಯೂ ಅಲ್ಲ ಹಾಲಿಯೂ ಅಲ್ಲ. ಕೊರಳಲ್ಲಿ ಪ್ರೆಸ್ ಕಾರ್ಡು ಹಾಕಿಕೊಂಡು ಕೂತವಳು.

ಈಗ ಗೇಟಿನ ಕಥೆ, ಹೆಂಡತಿ ಗಂಡನನ್ನು ಹೊರಗೆ ನಿಲ್ಲಿಸಿದಳೆಂದು ಹಾಡು ಹೇಳುವ ಗೇಟಿನದ್ದು. ನೀನು ಎಂಟನೇ ಕ್ಲಾಸಿನಲ್ಲಿರುವಾಗ ಶಾಲೆಯಿಂದ ಬಂದು ಚೀಲ ಬಿಸಾಡಿ, “ಅಮ್ಮ, ನೀನು ಅಪ್ಪನನ್ನು ಗೇಟಿನ ಹೊರಗೆ ನಿಲ್ಲಿಸಿದ್ದಾ?” ಎಂದು ಕೇಳಿದ್ದಿ. “ನಮ್ಗೆ ಆಗ ಗೇಟೇ ಇರ್ಲಿಲ್ಲ ಮಗಾ” ಎಂದಿದ್ದೆ. ನಾನು ತಮಾಷೆ ಮಾಡುತ್ತಿದ್ದೇನೆಂದು ನೀನು ಅತ್ತು ಕೋಣೆಗೆ ಹೋದಿ. ತಮಾಷೆಯಲ್ಲ ಅದು. ಕುದ್ರೋಳಿಯ ಈ ಮನೆ ನನ್ನ ಅಮ್ಮನದ್ದು. ಅವಳ ಕಾಲದಲ್ಲಿ ಎರಡು ಗಿಡ್ಡ ಕಾಂಪೌಂಡು ಗೋಡೆಗಳ ನಡುವೆ ಬರೀ ಜಾಗ, ಒಂದು ಬದಿಯಲ್ಲಿ ದಾಸವಾಳ. ಖತೀಜಮ್ಮನ ಕೋಳಿಗಳೂ ಮೀನಿನವರೂ ಭಿಕ್ಷುಕರೂ ನೆಟ್ಟಗೆ ಬಾಗಿಲಿಗೇ ಬರುತ್ತಿದ್ದರು. ಹಾಡು ಬಂದದ್ದು 2005ರಲ್ಲಿ. ಮುಂದಿನ ವರ್ಷದಿಂದ ಕಾಲೇಜು ಹುಡುಗರು ಬೈಕಿನಲ್ಲಿ ಗೇಟು ನೋಡಲು ಬರತೊಡಗಿದರು. ಅಂಗಳಕ್ಕೆ ಬಂದು, ಕಿಟಕಿಯಲ್ಲಿ ಇಣುಕಿ, “ಆಂಟಿ, ಗೇಟೆಲ್ಲಿ?” ಎಂದು ಖತೀಜಮ್ಮನನ್ನು ಕೇಳುವುದು. ಅವರು ಪೊರಕೆ ಹಿಡಿದು, “ನಿಮ್ಮ ಹಾಡಿನಲ್ಲಿ ಉಂಟು, ಅಲ್ಲೇ ಹೋಗಿ ಹುಡುಕಿ” ಎಂದು ಅಟ್ಟುತ್ತಿದ್ದರು. ಕೊನೆಗೊಂದು ದಿನ ಒಬ್ಬ ನೀನು ಸ್ನಾನ ಮಾಡುವಾಗ ಬಚ್ಚಲಿನ ಹತ್ತಿರ ಬಂದು ನಿಂತ. ಮರುದಿನವೇ ನಾನು ವೆಲ್ಡಿಂಗಿನವರನ್ನು ಕರೆಸಿ ಕಬ್ಬಿಣದ ಗೇಟು ಹಾಕಿಸಿದೆ. ಈಗ ಜನ ಅದರ ಮುಂದೆ ನಿಂತು ಸೆಲ್ಫಿ ತೆಗೆಯುತ್ತಾರೆ. ಹಾಡಿಗೆ ಬೇಕಾದ ಗೇಟನ್ನು ನಾನೇ ಮಾಡಿಸಿಕೊಟ್ಟ ಹಾಗಾಯಿತು.

ನಾನು ನಿನ್ನನ್ನು ಎತ್ತಿಕೊಂಡು ಓಡಿಬಂದೆ ಎಂದು ಹಾಡು ಹೇಳುತ್ತದೆ. ಓಡಿಬರಲಿಲ್ಲ. ನಮ್ಮನ್ನು ಬೆಂಗಳೂರಿನಲ್ಲಿ ಬಸ್ಸಿಗೆ ಹತ್ತಿಸಿದ್ದು ಅವನೇ. ಸೂಟ್‌ಕೇಸು ಡಿಕ್ಕಿಗೆ ಹಾಕಿಸಿ, ಕಿಟಕಿಯ ಹತ್ತಿರ ಬಂದು, “ಆಲ್ಬಮ್ ಮುಗಿದ ಕೂಡ್ಲೇ ಬರ್ತೇನೆ, ನೀನು ಅಲ್ಲಿ ಕೆಲಸಕ್ಕೆ ಸೇರಿಕೋ” ಎಂದ. ನಿನಗೆ ಆಗ ಎರಡು ವರ್ಷ. ಅವನ ಉಂಗುರ ಹಿಡಿದುಕೊಂಡು ಬಿಡಲಿಲ್ಲ ನೀನು. ಬೆರಳು ಬಿಡಿಸಿಕೊಂಡು ಹೋದ. ಮೊದಲು ದೀಪಾವಳಿಗೆ ಬಂದ, ಆಮೇಲೆ ಚೌತಿಗೆ ಬಂದ, ಆಮೇಲೆ ಫೋನು ಬಂತು, ಆಮೇಲೆ ಅದೂ ಇಲ್ಲ. ಜಗಳ ಮಾಡಿ ಬಿಟ್ಟುಹೋದವರಲ್ಲ ನಾವು, ಮಗಾ. ಅವನಿಗೆ ಬರಲು ಪುರುಸೊತ್ತಾಗಲಿಲ್ಲ, ಅಷ್ಟೇ. ಆದರೆ ಪುರುಸೊತ್ತಾಗಲಿಲ್ಲ ಎಂದು ಹಾಡು ಕಟ್ಟಿದರೆ ಯಾರು ಟಿಕೆಟ್ ತೆಗೆದುಕೊಂಡು ಬಂದು ಅಳುತ್ತಾರೆ?

ಅವನಿಗೆ ಸಲ್ಲಬೇಕಾದ್ದನ್ನು ಕೊಟ್ಟೇ ಬಿಡುತ್ತೇನೆ. ಹಾಡುಗಾರ ಹೌದು. ಮುಚ್ಚಿಹೋದ ಹೆಂಚಿನ ಕಾರ್ಖಾನೆಯ ಶೆಡ್ಡಿನಲ್ಲಿ ಸಾಲದ ಗಿಟಾರು ಹಿಡಿದು ಅವನ ಬ್ಯಾಂಡಿನ ನಾಲ್ವರು ಅಭ್ಯಾಸ ಮಾಡುವಾಗ ನಾನು ಕಾಲೇಜಿನ ಪತ್ರಿಕೆಗೆ ಬರೆಯಲು ಹೋಗಿದ್ದೆ. ತುಳುವಿನಲ್ಲಿ ಒಂದು ಹಾಡು ಹಾಡಿದ, ಕೇಳಿ ಮೈ ಜುಮ್ಮೆಂದಿತು. ಅವನ ಬಗ್ಗೆ ಅಚ್ಚಾದ ಮೊದಲ ಬರಹ ನನ್ನದು. ರಿಜಿಸ್ಟ್ರಾರ್ ಆಫೀಸಿನಲ್ಲಿ ಮದುವೆಯಾದೆವು. ನಾಲ್ಕು ವರ್ಷ ಬೆಂಗಳೂರಿನಲ್ಲಿ ನಾನು ಹಗಲು ಪೇಪರಿನ ಕೆಲಸ ಮಾಡಿ ಮನೆ ನಡೆಸಿದೆ, ಅವನು ಹಾಡು ಕಟ್ಟಿದ. ಆ ಕಾಲದ ಹಾಡುಗಳು ಈಗಲೂ ರೇಡಿಯೋದಲ್ಲಿ ಬಂದರೆ ನಾನು ಆಫ್ ಮಾಡುವುದಿಲ್ಲ. ಸುಖವಾಗಿದ್ದೆವು ಎಂದು ಬರೆಯಲು ನನಗೆ ನಾಚಿಕೆಯಿಲ್ಲ.

ಊರಿಗೆ ಬಂದ ಮೇಲಿನದ್ದು ನನ್ನ ಬದುಕು, ಅದರಲ್ಲಿ ಅವನಿಗೆ ಪಾಲಿಲ್ಲ. ಹಂಪನಕಟ್ಟೆಯ ಆಫೀಸಿನ ಮೆಟ್ಟಿಲು ಹತ್ತಿ ಕೆಲಸ ಕೇಳಿದಾಗ ನಿಝಾರ್ ಇನ್ನೂ ಹುಡುಗ, ಬಂದರಿನಲ್ಲಿ ಮನೆಯವರ ವ್ಯಾಪಾರ ಬಿಟ್ಟು ಪೇಪರಿಗೆ ಬಂದದ್ದಕ್ಕೆ ಅಪ್ಪನಿಂದ ಬೈಸಿಕೊಳ್ಳುತ್ತಿದ್ದವರು. ಇಬ್ಬರೂ ಒಂದೇ ಮೇಜಿನಲ್ಲಿ ಕೂತು ಕಲಿತೆವು. ಆಸ್ಪತ್ರೆ, ಕೋರ್ಟು, ಮೀನುಗಾರಿಕೆ, ಎಲ್ಲ ಬರೆದೆ. ಒಂದು ವಾರ್ಡಿನಲ್ಲಿ ಕುಡಿಯುವ ನೀರಿನ ಪೈಪಿಗೆ ಚರಂಡಿ ಸೇರುವುದನ್ನು ಹಿಡಿದು ಬರೆದಾಗ, ಕಂಟ್ರಾಕ್ಟರ್ ನನ್ನ ಮುಂದೆ ಕೂತು, ಬೇಕೆಂದೇ ಫೋನಿನಲ್ಲಿ ‘ಗೇಟಿನಾಚೆ’ ಹಾಕಿದ. ಗಂಡನನ್ನೇ ಹೊರಗೆ ಹಾಕಿದವಳು ಎಂದು ನೆನಪಿಸುವುದು. “ಹಾಡು ಮುಗಿಲಿ, ಕಾಯ್ತೇನೆ. ಆಮೇಲೆ ಪೈಪಿನ ವಿಷಯ ಹೇಳಿ” ಎಂದೆ. ಹಾಡು ಮುಗಿಯುವವರೆಗೂ ಅವನ ಮುಖ ನೋಡುತ್ತಾ ಕೂತೆ. ಆ ಪೈಪು ಬದಲಾಯಿತು. ಆ ವರದಿಗೆ ಪ್ರಶಸ್ತಿ ಬಂದಾಗ ಶೀರ್ಷಿಕೆ ಹೇಗಿತ್ತು ಗೊತ್ತಾ? ‘ಕೌಶಲ್ ಮಾಜಿ ಪತ್ನಿಗೆ ಪ್ರಶಸ್ತಿ’. ಪೈಪಿನ ಸುದ್ದಿ ಮೂರನೇ ಪ್ಯಾರಾದಲ್ಲಿ. ದೇಯಿ ಎಂಬ ಹೆಸರು ನಾಲ್ಕನೆಯದರಲ್ಲಿ.

ಹೋದ ವರ್ಷ ಒಬ್ಬರು ಪ್ರಕಾಶಕರು ಬಂದಿದ್ದರು, ರಾಕ್‌ಸ್ಟಾರ್ ಹೆಂಡತಿಯ ಆತ್ಮಕಥೆ ಬೇಕಂತೆ. ಬರೆಯುತ್ತೇನೆ, ಆದರೆ ಅವನಿಗೆ ಒಂದು ಅಧ್ಯಾಯ, ಪೈಪ್‌ಲೈನಿಗೆ ಮೂರು ಎಂದೆ. ಚಾ ಕುಡಿದು ಹೋದವರು ಮತ್ತೆ ಫೋನು ಮಾಡಲಿಲ್ಲ.

ನೀನು ಇಪ್ಪತ್ತೆರಡನೇ ವಯಸ್ಸಿನಲ್ಲಿ ಅವನ ಹತ್ತಿರ ಹೋದಾಗ ನಾನು ತಡೆಯಲಿಲ್ಲ, ನೆನಪಿದೆಯಲ್ಲ. ಅಪ್ಪ ಅಪ್ಪನೇ. ಅವನ ಬಗ್ಗೆ ಒಂದು ಕೆಟ್ಟ ಮಾತೂ ನಿನ್ನ ಕಿವಿಗೆ ಹಾಕದೆ ಬೆಳೆಸಿದೆ. ಖತೀಜಮ್ಮ, “ಹೇಳಿಬಿಡು ಹುಡುಗಿಗೆ, ಎಂತಕ್ಕೆ ಮುಚ್ಚಿಡುದು?” ಎಂದು ಎಷ್ಟು ಸಲ ಹೇಳಿದರೂ ಬಾಯಿಬಿಡಲಿಲ್ಲ. ನಾನು ಬಾಯಿಮುಚ್ಚಿಕೊಂಡಿದ್ದನ್ನು ಊರು ಒಪ್ಪಿಗೆಯೆಂದು ತಿಳಿಯಿತು. ತಿಳಿಯಲಿ, ಊರಿನ ಹಂಗಿನಲ್ಲಿ ನಾನಿಲ್ಲ. ಆದರೆ ನೀನೂ ಹಾಗೆಯೇ ತಿಳಿದುಕೊಂಡೆಯೆಂದು ಶುಕ್ರವಾರ ಗೊತ್ತಾಯಿತು.

ಈಗ ಶನಿವಾರದ ಮಾತು. ನಾನು ಬರುವುದಿಲ್ಲ.

ಮುಂದಿನ ಸಾಲಿನ ಕುರ್ಚಿಗೆ ಬರುವುದಿಲ್ಲ, ಹಿಂದಿನ ಸಾಲಿಗೂ ಬರುವುದಿಲ್ಲ, ಕಾಂಪೌಂಡಿನ ಹೊರಗೆ ನಿಂತು ಕೇಳುವುದೂ ಇಲ್ಲ. ಸುಮ್ಮನೆ ಕೂತರೆ ಸಾಕು ಎಂದಿದ್ದೀ. ಸುಮ್ಮನೆ ಕೂರುವುದೇ ಅವನಿಗೆ ಬೇಕಾದ್ದು, ಮಗಾ. ಲೈಟು ನನ್ನ ಮುಖಕ್ಕೆ ಬೀಳುತ್ತದೆ, ದೊಡ್ಡ ಪರದೆಯಲ್ಲಿ ನನ್ನ ಕಣ್ಣು ತೋರಿಸುತ್ತಾರೆ, ಸಾವಿರಾರು ಜನ ಚಪ್ಪಾಳೆ ಹೊಡೆಯುತ್ತಾರೆ. ಅವನು ದೊಡ್ಡ ಮನುಷ್ಯನಾಗುತ್ತಾನೆ, ನಾನು ತಪ್ಪಿತಸ್ಥಳಾಗುತ್ತೇನೆ, ಅದು ಯೂಟ್ಯೂಬಿನಲ್ಲಿ ನಾನು ಸತ್ತ ಮೇಲೂ ಇರುತ್ತದೆ. ಮಾಡದ ತಪ್ಪಿಗೆ ಕ್ಷಮೆ ತೆಗೆದುಕೊಂಡರೆ ತಪ್ಪು ಒಪ್ಪಿಕೊಂಡ ಹಾಗೆ. ನಾನು ಒಪ್ಪುವುದಿಲ್ಲ. ಖತೀಜಮ್ಮನಿಗೆ ವಿಷಯ ಹೇಳಿದೆ. “ಕ್ಷಮಿಸುದಾದ್ರೆ ಮನೆಗೆ ಬಂದು ಕ್ಷಮಿಸ್ಲಿ. ಮೈದಾನದಲ್ಲಿ ಟಿಕೆಟ್ ಇಟ್ಟು ಎಂತಕ್ಕೆ?” ಎಂದು ಕೇಳಿದರು. ಉತ್ತರ ನಿನ್ನ ಹತ್ತಿರ ಇದ್ದರೆ ಅವರಿಗೆ ನೀನೇ ಕೊಡು.

ನೀನು ಇನ್ನು ಕುದ್ರೋಳಿಗೆ ಬರುವುದಿಲ್ಲ ಎಂದದ್ದಕ್ಕೆ ನನಗೆ ಹೆದರಿಕೆಯಿಲ್ಲ ಎಂದರೆ ಸುಳ್ಳಾಗುತ್ತದೆ. ನಿನ್ನ ಕೋಣೆಯ ಬಾಗಿಲನ್ನು ಈ ವಾರ ನಾನು ಸುಮ್ಮಸುಮ್ಮನೆ ತೆರೆದು ನೋಡುತ್ತಿದ್ದೇನೆ. ನೀನಿಲ್ಲದ ದೀಪಾವಳಿಯನ್ನು ಈಗಲೇ ಲೆಕ್ಕ ಹಾಕಿ ಅಳುತ್ತಿದ್ದೇನೆ, ನನ್ನ ಹುಚ್ಚು. ನೀನೊಬ್ಬಳೇ ನನಗಿರುವುದು, ಅದನ್ನು ನಿನಗೆ ಹೇಳಬಾರದೆಂದು ಎಷ್ಟೋ ವರ್ಷ ಹಲ್ಲುಕಚ್ಚಿ ಕೂತವಳು ಇವತ್ತು ಬರೆದುಬಿಟ್ಟೆ. ಆದರೂ ಬರುವುದಿಲ್ಲ. ಆ ಕುರ್ಚಿಯಲ್ಲಿ ಕೂತು ನಿನ್ನನ್ನು ಉಳಿಸಿಕೊಂಡರೆ, ನಿನಗೆ ಉಳಿಯುವ ಅಮ್ಮ ನಾನಾಗಿರುವುದಿಲ್ಲ, ಆ ಹಾಡಿನವಳಾಗಿರುತ್ತಾಳೆ. ಅವಳನ್ನು ಕಟ್ಟಿಕೊಂಡು ಏನು ಮಾಡುತ್ತೀ?

ಶನಿವಾರ ಸಂಜೆ ನನಗೆ ಡೆಸ್ಕಿನಲ್ಲಿ ಡ್ಯೂಟಿ. ಕಾರ್ಯಕ್ರಮಕ್ಕೆ ಶ್ರವಣ್ ಬರುತ್ತಾನೆ. ಅವನು ಏನು ಬರೆದು ತರುತ್ತಾನೋ ಅದನ್ನು ನಾನು ಕಾಗುಣಿತ ತಿದ್ದಿ ಪುಟಕ್ಕೆ ಹಾಕುತ್ತೇನೆ, ಒಂದು ಸಾಲೂ ಕತ್ತರಿಸುವುದಿಲ್ಲ. ಅದು ನಿನಗೆ ನನ್ನ ಮಾತು.

ಚೆನ್ನಾಗಿ ಹಾಡು. ಹಾಡುವ ಮೊದಲು ಐಸ್ ನೀರು ಕುಡಿಯಬೇಡ, ಸಾವಿರ ಸಲ ಹೇಳಿದ್ದೇನೆ. ನಿನ್ನ ದನಿ ನಿನ್ನದಾಗಿಯೇ ಇರಲಿ, ನಿನ್ನ ಹೆಸರು ಯಾರ ಹೆಸರಿನ ಹಿಂದೆಯೂ ಮೂರನೇ ಪ್ಯಾರಾಕ್ಕೆ ಹೋಗದಿರಲಿ. ದೇವರು ನಿನಗೆ ಬಹಳ ಆಯುಸ್ಸು ಕೊಡಲಿ, ಬೆನ್ನು ನೇರವಿಟ್ಟು ನಡೆಯುವ ಧೈರ್ಯ ಕೊಡಲಿ. ಮಿಕ್ಕದ್ದನ್ನು ನೀನೇ ಸಂಪಾದಿಸುತ್ತೀ.

ನಿನ್ನ
ಅಮ್ಮ
(ದೇಯಿ)

ತಾ.ಕ.: ಕಾಗದ ಮಡಚಿದವಳು ಮತ್ತೆ ಬಿಚ್ಚಿದೆ. ಇದನ್ನು ಬರೆಯಬಾರದೆಂದುಕೊಂಡಿದ್ದೆ. ಆದರೆ ಆ ಸಾಲು ಹಾಡುವವಳು ನೀನು ಎಂದ ಮೇಲೆ ಬರೆಯದಿದ್ದರೆ ಅನ್ಯಾಯವಾಗುತ್ತದೆ.

ಹಾಡಿನ ಕೊನೆಯ ಸಾಲು, ಜನರೆಲ್ಲ ಅಳುವುದು: “ನನ್ನ ಗುರುತು ಸಿಗುವುದೇ ನಿನಗೆ ಮಗಳೇ, ನನ್ನ ಹಣೆಯಲ್ಲಿ ಗೆರೆ ಬಿದ್ದದ್ದು ನಿನಗೆ ಗೊತ್ತಿಲ್ಲವಲ್ಲ.”

ನೀನು ಒಂದನೇ ಕ್ಲಾಸಿನಲ್ಲಿರುವಾಗ ನಿನಗೆ ಜೋರು ಜ್ವರ ಬಂದಿತ್ತು. ಅವನು ಬಾರದೆ ವರ್ಷ ಕಳೆದಿತ್ತು. ಮಧ್ಯಾಹ್ನ ಜ್ವರದಲ್ಲೇ ಎದ್ದು ಕೂತು ತುಳುವಿನಲ್ಲಿ ಕೇಳಿದಿ, ಅಪ್ಪ ಬಂದರೆ ಅಪ್ಪನಿಗೆ ನನ್ನ ಗುರುತು ಸಿಗುತ್ತದಾ ಅಮ್ಮ, ನನ್ನ ಹಲ್ಲು ಬಿದ್ದದ್ದು ಅಪ್ಪನಿಗೆ ಗೊತ್ತಿಲ್ಲವಲ್ಲ ಎಂದು. ನಾನು ಖತೀಜಮ್ಮನ ಮನೆಗೆ ಓಡಿ ಅವರ ಫೋನಿನಿಂದ ಅವನಿಗೆ ಮಾಡಿದೆ. ಬಾ ಎಂದು ಬೇಡಿಕೊಂಡೆ. ನೀನು ಕೇಳಿದ್ದನ್ನು ಹೇಳಿದೆ. ಅವನು ಮೆಲ್ಲಗೆ, “ಎಂತ ಹೇಳಿದ್ಳು? ಇನ್ನೊಮ್ಮೆ ಹೇಳು. ನಿಧಾನ ಹೇಳು” ಎಂದ. ಅಳುತ್ತಿದ್ದಾನೆಂದು ತಿಳಿದೆ. ನಿಧಾನವಾಗಿ, ಒಂದೊಂದೇ ಪದ, ಇನ್ನೊಮ್ಮೆ ಹೇಳಿದೆ. ಫೋನಿಟ್ಟು ಖತೀಜಮ್ಮನಿಗೆ, “ಅತ್ತುಬಿಟ್ಟ, ಇನ್ನು ಬರ್ತಾನೆ” ಎಂದೆ. ನಿನಗೂ ಹಾಗೆಯೇ ಹೇಳಿದೆ. ನೀನು ಜ್ವರ ಬಿಟ್ಟ ಮೇಲೂ ಹೊಸ ಅಂಗಿ ಹಾಕಿಕೊಂಡು ಜಗಲಿಯಲ್ಲಿ ಕೂರುತ್ತಿದ್ದಿ. ಅವನು ಬರಲಿಲ್ಲ. ಮುಂದಿನ ವರ್ಷ ಪಡೀಲಿಗೆ ಹೋಗುವ ಬಸ್ಸಿನಲ್ಲಿ ಆ ಹಾಡು ಕೇಳಿದೆ. ನಿನ್ನ ಮಾತಿನಲ್ಲಿ ಹಲ್ಲಿದ್ದ ಜಾಗದಲ್ಲಿ ಹಣೆಯ ಗೆರೆ ಹಾಕಿದ್ದ.

ಸ್ವಲ್ಪ ನಿಧಾನ ಹೇಳಿ, ಇನ್ನೊಮ್ಮೆ ಹೇಳಿ ಎಂದು ವರದಿಗಾಗಿ ನಾನು ದಿನಾ ಯಾರಿಗಾದರೂ ಹೇಳುತ್ತೇನೆ. ಹಾಗೆ ಹೇಳುವಾಗ ನನ್ನ ಕೈಯಲ್ಲಿ ಪೆನ್ನು ಇರುತ್ತದೆ.

ಅವನು ಬಿಟ್ಟುಹೋದದ್ದನ್ನು ನಾನು ಎಂದೋ ಮರೆತೆ. ಇದನ್ನು ಮರೆಯಲು ಆಗಲಿಲ್ಲ. ಆ ಮಾತು ನಿನ್ನದು ಮಗಾ, ಆರು ವರ್ಷದ ನೀನು ಅವನಿಗಾಗಿ ಕೇಳಿದ್ದು. ಶನಿವಾರ ಹಾಡುವುದಾದರೆ ಹಾಡು, ನಾನು ಬೇಡ ಎನ್ನುವುದಿಲ್ಲ. ಆದರೆ ಜನರ ಕಡೆ ತಿರುಗಿ ಹಾಡಬೇಡ. ಅವನ ಮುಖ ನೋಡಿ ಹಾಡು.